ಅಂಗಳದ ಶಟ್ಲ್ ಕೋರ್ಟು: ಬಣ್ಣಕ್ಕಿಂತ ಮೊದಲು ಬುಡ ಗಟ್ಟಿಯಾಗಲಿ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಮನೆಯ ಹಿತ್ತಿಲಲ್ಲೇ ಶಟ್ಲ್ ಕೋರ್ಟು ಮಾಡಿಸುವುದು ಈಗ ಅಪರೂಪವಲ್ಲ. ಮಕ್ಕಳು ಸಂಜೆ ಹೊರಗಿಳಿದು ಆಡುವುದು ಸಂತೋಷದ ವಿಷಯ. ಆದರೆ ಚದರ ಅಡಿಗೆ ಇಷ್ಟು ಎಂಬ ಒಂದೇ ಸಾಲಿನ ಮಾತಿಗೆ ಒಪ್ಪಿ ಕೆಲಸ ಕೊಟ್ಟರೆ, ನೆಲದಡಿಯ ಕೆಲಸ ಅರ್ಧಕ್ಕೆ ಉಳಿದು ಎಲ್ಲ ಹಣ ಹಸಿರು ಬಣ್ಣಕ್ಕೆ ಹೋಗುತ್ತದೆ. ಮಳೆ ಮುಗಿದು ಕೆಲಸ ಶುರುಮಾಡುವವರಿಗೆ ಉಪಯೋಗವಾಗಲೆಂದು ಈ ಪತ್ರ.

ಕೋರ್ಟಿನ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಗೆರೆಯ ಹೊರಗೆ ಸುತ್ತಲೂ ಕನಿಷ್ಠ 3 ಅಡಿ ಬಿಟ್ಟರೆ 50 ಅಡಿಗೆ 26 ಅಡಿ, ಒಟ್ಟು 1300 ಚದರ ಅಡಿ. ಅಷ್ಟು ಜಾಗವಿಲ್ಲದಿದ್ದರೆ 17 ಅಡಿ ಅಗಲದ ಸಿಂಗಲ್ಸ್ ಕೋರ್ಟು ಸಾಕು. ಆವರಣದ ಗೋಡೆಗೆ ತಾಗಿಸಿ ಗೆರೆ ಎಳೆಯಬೇಡಿ. ಉದ್ದ ಉತ್ತರ-ದಕ್ಷಿಣವಾಗಿರಲಿ, ಇಲ್ಲವಾದರೆ ಸಂಜೆ ಒಂದು ಕಡೆಯವರಿಗೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ತೆಂಗಿನಮರದ ಕೆಳಗಂತೂ ಬೇಡವೇ ಬೇಡ. ಹಲಸು, ಮಾವಿನ ಬೇರು ದಪ್ಪವಾಗುತ್ತಾ ಕಾಂಕ್ರೀಟನ್ನು ಎತ್ತುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದನ್ನು ನೋಡಿಕೊಳ್ಳಲೇಬೇಕು: ಸುರಂಗ, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ದಾರಿ. ಗುಡ್ಡದ ಬುಡದ ಹಳೆಯ ಮನೆಗಳಲ್ಲಿ ನೀರಿನ ಸುರಂಗ ಹಿತ್ತಿಲ ಅಡಿಯಲ್ಲೇ ಹಾದುಹೋಗಿರುವುದುಂಟು. ಮನೆಯ ಹಿರಿಯರನ್ನು ಕೇಳಿ, ಸುರಂಗದ ಬಾಯಿಯಿಂದ ಅದು ಹೋಗುವ ದಿಕ್ಕು ನೋಡಿ ಮೇಲ್ಗಡೆ ಗುರುತು ಹಾಕಿ. ಆ ಗುರುತಿನ ಮೇಲೆ ರೋಲರ್ ಓಡಿಸಬಾರದು, ಕೋರ್ಟೂ ಬರಬಾರದು. ಹಾಳುಬಿದ್ದ ಸುರಂಗದೊಳಗೆ ಹೊಕ್ಕು ಅಳೆಯುವ ಸಾಹಸವೂ ಬೇಡ.

ಗುಡ್ಡ ಕಡಿದು ಸಮತಟ್ಟು ಮಾಡುವಾಗ ಮೇಲಿನ ಮುರಕಲ್ಲು (ಜಂಬಿಟ್ಟಿಗೆ) ಮುಗಿದು ಕೆಳಗೆ ಶೇಡಿ ಮಣ್ಣು (ಜೇಡಿಯಂಥ ನುಣುಪು ಮಣ್ಣು) ಬಂದರೆ ಅಲ್ಲಿಗೇ ನಿಲ್ಲಿಸಿ. ನೀರು ಕುಡಿದ ಶೇಡಿ ಮೆತ್ತಗಾಗಿ ಬರೆ (ಕಡಿದ ಗುಡ್ಡದ ಬದಿ) ಜರಿಯುತ್ತದೆ. ಕಡಿದ ಮಣ್ಣನ್ನು ತಗ್ಗಿನ ಬದಿಗೆ ಸುಮ್ಮನೆ ಸುರಿದು ಅದರ ಮೇಲೆ ಅದೇ ವರ್ಷ ಕಾಂಕ್ರೀಟ್ ಹಾಕುವುದೂ ತಪ್ಪು. ಅರ್ಧ ಗಟ್ಟಿ ಮುರ, ಅರ್ಧ ತುಂಬಿದ ಮಣ್ಣು ಇದ್ದಲ್ಲಿ ಮಳೆಗಾಲ ಕಳೆದಾಗ ಮಣ್ಣಿನ ಭಾಗ ಕುಗ್ಗಿ, ಎರಡೂ ಸೇರುವ ಗೆರೆಯಲ್ಲೇ ಉದ್ದಕ್ಕೆ ಬಿರುಕು ಬೀಳುತ್ತದೆ. ತುಂಬುವ ಮಣ್ಣನ್ನು 6 ಇಂಚಿನ ಪದರವಾಗಿ ಹಾಕಿ, ನೀರು ಹೊಯ್ದು, ದಮ್ಮಸು ಮಾಡಿ (ಬಡಿದು ಗಟ್ಟಿಮಾಡಿ) ಮುಂದಿನ ಪದರ ಹಾಕಬೇಕು. ಒಂದು ಮಳೆಗಾಲ ಹಾಗೆಯೇ ಬಿಟ್ಟರೆ ಇನ್ನೂ ಒಳ್ಳೆಯದು. ಗದ್ದೆ ತುಂಬಿಸಿ ಕೋರ್ಟು ಮಾಡುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅನುಮತಿಯಿಲ್ಲದೆ ಗದ್ದೆ ತುಂಬಿಸುವುದನ್ನು ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ.

ಗಟ್ಟಿ ನೆಲದ ಮೇಲೆ 6 ಇಂಚು ಜಲ್ಲಿ ಮತ್ತು ಜಲ್ಲಿಪುಡಿ ಹಾಕಿ ರೋಲರ್ ಹಾಯಿಸಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಕೆಳಗಿನ ತೇವ ಏರಿ ಬಣ್ಣ ಗುಳ್ಳೆಯೇಳುವುದು ತಪ್ಪುತ್ತದೆ. ನಂತರ 4 ಇಂಚು ಕಾಂಕ್ರೀಟ್, 1:1.5:3 ಪ್ರಮಾಣ, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಹೊಯಿಗೆ (ಮರಳು), ಮೂರು ಪಾಲು ಜಲ್ಲಿ. 1300 ಚದರ ಅಡಿಗೆ ಸುಮಾರು 100 ಚೀಲ ಸಿಮೆಂಟ್, 180 ಘನ ಅಡಿ ಹೊಯಿಗೆ, 360 ಘನ ಅಡಿ 20 ಎಂಎಂ ಜಲ್ಲಿ ಬೇಕು. ಚೀಲಕ್ಕೆ 25 ಲೀಟರಿಗಿಂತ ಹೆಚ್ಚು ನೀರು ಹಾಕಲು ಬಿಡಬೇಡಿ. ಎಳೆಯಲು ಸುಲಭವಾಗಲೆಂದು ನೀರು ಹೆಚ್ಚಿಸಿದರೆ ಮೇಲ್ಮೈ ಪುಡಿ ಏಳುವುದು ಖಂಡಿತ. ಕಬ್ಬಿಣದ ಜಾಲರಿ ಹಾಕುವುದಾದರೆ ಅದು ದಪ್ಪದ ಮೇಲಿನ ಅರ್ಧದಲ್ಲಿ ಇರಬೇಕು. ನೆಲಕ್ಕೆ ಅಂಟಿದ ಜಾಲರಿ ಬಿರುಕನ್ನು ತಡೆಯುವುದಿಲ್ಲ.

ಕಾಂಕ್ರೀಟ್ ಒಣಗುವಾಗ ಕುಗ್ಗುವುದು ಸಹಜ, ಅದಕ್ಕೆ ದಾರಿ ಬೇಕು. ಉದ್ದಕ್ಕೆ 10 ಅಡಿಗೊಂದು, ಅಗಲಕ್ಕೆ ಸುಮಾರು ಎಂಟೂಮುಕ್ಕಾಲು ಅಡಿಗೊಂದರಂತೆ ಮರುದಿನವೇ ಕಟ್ಟರ್‌ನಲ್ಲಿ 1 ಇಂಚು ಆಳದ ಸೀಳು ಹಾಕಿಸಿ. ತಡವಾದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಒಡೆದಿರುತ್ತದೆ. ಹದಿನಾಲ್ಕು ದಿನ ಗೋಣಿ ಹಾಸಿ ನೀರು ಹಾಕಿ, 28 ದಿನ ಕಳೆಯದೆ ಬಣ್ಣ ಮುಟ್ಟಬೇಡಿ. ಡಿಸೆಂಬರಿನಲ್ಲಿ ಶುರುಮಾಡಿದರೆ ಮಳೆಗೆ ಮುಂಚೆ ಎಲ್ಲ ಮುಗಿಯುತ್ತದೆ.

ಹೆಚ್ಚಿನವರು ಎಡವುವುದು ಇಳಿಜಾರಿನಲ್ಲಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಓಟವಾಗಿ, 26 ಅಡಿಗೆ 3 ಇಂಚು ಇಳಿಯಬೇಕು. ನೆಟ್ಟಿನಿಂದ ಎರಡೂ ಕಡೆಗೆ ಇಳಿಸಿದರೆ ಆಟ ಕೆಡುತ್ತದೆ, ನಡುವೆ ತಗ್ಗು ಬಿಟ್ಟರೆ ನೀರು ನಿಂತು ಪಾಚಿ ಕಟ್ಟುತ್ತದೆ. ಪಾಚಿಯಲ್ಲಿ ಜಾರಿದ ಮಗುವಿನ ಮಣಿಕಟ್ಟು ಮುರಿಯಲು ಕ್ಷಣ ಸಾಕು. ಮೇಲ್ಮೈಗೆ ನೀರುಸಿಮೆಂಟ್ ಉಜ್ಜಿ ನುಣ್ಣಗೆ ಮಾಡಿಸದೆ ಬ್ರಶ್ ಎಳೆಸಿ ಒರಟಾಗಿ ಬಿಡಿ. ಇಷ್ಟು ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 12,000 ಲೀಟರ್ ನೀರು. ಅದು ನೆರೆಮನೆಯ ಅಂಗಳಕ್ಕೆ ಹರಿದು ಜಗಳವಾಗುವುದು ಬೇಡ. ಕಣಿ ತೋಡಿ ಇಂಗುಗುಂಡಿಗೆ ಬಿಡಿ, ಆ ಗುಂಡಿ ಬರೆಯ ಅಂಚಿನಿಂದ ದೂರವಿರಲಿ.

ಅಡಿಕೆ ಕೃಷಿಯ ಮನೆಗಳಲ್ಲಿ ಒಣಗಿಸುವ ಅಂಗಳವೇ ಕೋರ್ಟಾಗಬಹುದು. ಅಲ್ಲಿ ಪೂರ್ತಿ ಬಣ್ಣ ಬೇಡ, 40 ಎಂಎಂ ಅಗಲದ ಗೆರೆಗಳಷ್ಟೇ ಸಾಕು. ಕಂಬಗಳನ್ನು ಶಾಶ್ವತವಾಗಿ ಹೂಳದೆ, ಗುಂಡಿಯಲ್ಲಿ ಪೈಪಿನ ಗೂಡು ಕೂರಿಸಿ ಬೇಕಾದಾಗ ಇಳಿಸಿ, ಅಡಿಕೆ ಹರಡುವಾಗ ತೆಗೆಯುವಂತಿರಲಿ. ಗೂಡಿನ ತಳದಲ್ಲಿ ಜಲ್ಲಿ ಹಾಕಿ, ಬಾಯಿಗೆ ಮುಚ್ಚಳವಿಡಿ, ಸೊಳ್ಳೆ ಮರಿ ಆಗುವುದಿಲ್ಲ. ನೆಟ್ಟಿನ ಎತ್ತರ ಕಂಬದಲ್ಲಿ 5 ಅಡಿ 1 ಇಂಚು, ನಡುವೆ 5 ಅಡಿ. ದೀಪಗಳು ಕೋರ್ಟಿನ ಎರಡು ಬದಿಗಳಲ್ಲಿರಲಿ, ಹಿಂದಿನ ಗೆರೆಯ ಆಚೆ ಹಾಕಿದರೆ ಶಟ್ಲ್ ಕಾಣುವುದಿಲ್ಲ. ವಯರನ್ನು ಕಂಗಿಗೆ (ಅಡಿಕೆ ಮರಕ್ಕೆ) ಕಟ್ಟಿ ಎಳೆಯದೆ ಪೈಪಿನೊಳಗೆ ತನ್ನಿ, ಅರ್ತಿಂಗ್ ಮತ್ತು 30 ಮಿಲಿಆಂಪಿಯರ್‌ನ ಸುರಕ್ಷಾ ಬ್ರೇಕರ್ ಇಲ್ಲದೆ ಸ್ವಿಚ್ ಹಾಕಬೇಡಿ.

ಬುಡದ ದಪ್ಪ, ಇಳಿಜಾರು, ಸೀಳುಗಳ ಅಂತರ, ನೀರುಣಿಸುವ ದಿನಗಳು, ಇವನ್ನು ಗುತ್ತಿಗೆದಾರರಿಂದ ಬರೆಸಿಕೊಳ್ಳಿ. ಬಣ್ಣಕ್ಕೆ ಮುಂಚೆ ನೆಲದ ತುಂಬ ನೀರು ಬಿಟ್ಟು, ಬಿಸಿಲಲ್ಲಿ ಒಂದು ಗಂಟೆ ಕಳೆದ ಮೇಲೆ ನೋಡಿ. 2 ಮಿಲಿಮೀಟರಿಗಿಂತ ಹೆಚ್ಚು ನೀರು ನಿಂತ ಜಾಗಗಳಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಸರಿಮಾಡಿಸಿದ ಮೇಲೆಯೇ ಕೊನೆಯ ಕಂತು ಕೊಡಿ.

– ಕಟ್ಟಡ ಕೆಲಸದ ಕೆಲವು ಮೇಸ್ತ್ರಿಗಳು, ಬದಿಯಡ್ಕ