ಬಿಡಿ ಎಣ್ಣೆ ನಿಲ್ಲಿಸಿದ್ದೇವೆ: ಬೀದರ್‌ನ ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ಶರಣು.

ನಮ್ಮ ಹಾರ್ಡ್‌ವೇರ್ ಅಂಗಡಿ ಬಾಗಿಲ ಪಕ್ಕ ಇದ್ದ, ಗೇಟು-ಗುದ್ದಲಿಗೆ ಹಚ್ಚುವ ಎಣ್ಣೆಯ ಡ್ರಮ್ ಎಲ್ಲಿ ಹೋಯ್ತು ಅಂತ ಬಹಳ ಜನ ಕೇಳಿದಿರಿ. ತೆಗೆದುಬಿಟ್ಟೆವು. ಇನ್ಮೇಲೆ ಖಾಲಿ ಬಾಟಲಿ ತಂದು "ಇಪ್ಪತ್ತು ರೂಪಾಯಿದು ಹಾಕ್ರಿ" ಅಂದರೆ ಹಾಕುವುದಿಲ್ಲ. ಹೆಸರು ಬರೆದ ಸಣ್ಣ ಡಬ್ಬಿಯನ್ನೇ ಕೊಡುತ್ತೇವೆ. ಕೊಡುವ ಮುಂಚೆ ಯಾವ ಕೆಲಸಕ್ಕೆ ಅಂತ ಕೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಕಾರಣ ನಮ್ಮದೇ ತಪ್ಪು. ಅದು ಎಣ್ಣೆಯದಲ್ಲ, ಪಾಲಿಶ್‌ದು, ಆದರೆ ಕೇಳದೆ ಕೊಡಬಾರದು ಅನ್ನುವ ಪಾಠ ಎರಡಕ್ಕೂ ಒಂದೇ. ದೀಪಾವಳಿ ಮುಂಚೆ ಒಬ್ಬ ಅಕ್ಕ ಬಂದು "ಹೊಳಪು ಬರೋ ಪಾಲಿಶ್ ಕೊಡ್ರಿ" ಅಂದರು. ಗಿರಾಕಿ ಜಾಸ್ತಿ ಇದ್ದರು, ಯಾವುದಕ್ಕೆ ಅಂತ ಕೇಳದೆ ಹಿತ್ತಾಳೆ ಪಾಲಿಶ್ ಕೊಟ್ಟೆವು. ಅವರು ಅದನ್ನು ಮದುವೆಗೆ ಬಂದಿದ್ದ ಬಿದರಿ ಹೂದಾನಿಗೆ ತಿಕ್ಕಿದ್ದಾರೆ. ಮರುದಿನ ತಂದು ಕೌಂಟರ್ ಮೇಲೆ ಇಟ್ಟರು, ಏನೂ ಮಾತಾಡಲಿಲ್ಲ. ಒಂದು ಕಡೆ ಕಪ್ಪಿನ ಮೇಲೆ ಬೆಳ್ಳಿ ಬಳ್ಳಿ ಎದ್ದು ಕಾಣುತ್ತಿತ್ತು. ತಿಕ್ಕಿದ ಕಡೆ ಕಪ್ಪೆಲ್ಲ ಹೋಗಿ ಬೂದು ಲೋಹ, ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಬೀದರ್‌ನಲ್ಲೇ ಹುಟ್ಟಿ ಬೆಳೆದವರು ನಾವು, ಕೇಳಬೇಕಿತ್ತು ಅಲ್ವಾ? ಆ ಕಪ್ಪು ಬಳಿದ ಬಣ್ಣ ಅಲ್ಲ. ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್ ಅನ್ನುವ ಉಪ್ಪು) ಕಲಸಿ ಹಚ್ಚಿದಾಗ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಅದು ತೆಳು ಪದರ, ಪಾಲಿಶ್‌ನಲ್ಲಿರುವ ನುಣುಪು ಪುಡಿ ಅದನ್ನು ಸವೆಸಿಬಿಡುತ್ತದೆ. ಕುಶಲಕರ್ಮಿಯೊಬ್ಬರ ಹತ್ತಿರ ಮತ್ತೆ ಕಪ್ಪು ಮಾಡಿಸಿದೆವು, ಖರ್ಚು ನಮ್ಮದು. ಬಿದರಿಗೆ ಮೆತ್ತನೆ ಒಣ ಬಟ್ಟೆ ಸಾಕು. ಕಪ್ಪು ಮಂಕಾದರೆ ಎರಡು ಹನಿ ಕೊಬ್ಬರಿ ಎಣ್ಣೆ. ಅದು ನಮ್ಮಲ್ಲಿ ಸಿಗಲ್ಲ, ಕಿರಾಣಿ ಅಂಗಡಿಗೆ ಹೋಗಿ.

ಹಾಗಂತ ಅದೇ ಕೊಬ್ಬರಿ ಎಣ್ಣೆಯನ್ನು ಹೊಲಿಗೆ ಮಷೀನಿಗೆ ಬಿಡಬೇಡಿ. ಸುಮಾರು 24 ಡಿಗ್ರಿ ಕೆಳಗೆ ಇಳಿದರೆ ಹೆಪ್ಪುಗಟ್ಟುತ್ತೆ, ನಮ್ಮೂರ ಡಿಸೆಂಬರ್ ಬೆಳಗಿನ ಚಳಿ ನಿಮಗೆ ಗೊತ್ತೇ ಇದೆ. ಕುಸುಬೆ ಎಣ್ಣೆ ಇನ್ನೂ ಕೆಟ್ಟದ್ದು: ಗಾಳಿ ತಾಕಿ ತಾಕಿ ಗೋಂದಿನ ಹಾಗೆ ಅಂಟಾಗುತ್ತೆ, ಆಮೇಲೆ ಚಕ್ರ ತಿರುಗಿಸಲು ತೋಳ್ಬಲ ಬೇಕು. ಹೊಲಿಗೆ ಮಷೀನ್ ಎಣ್ಣೆ ಅಂತಲೇ ಬರುತ್ತೆ, ತೆಳ್ಳಗೆ, ನೀರಿನ ಬಣ್ಣ. ಅದನ್ನೇ ಹಾಕಿ.

ಬೀಗಕ್ಕೆ ಎಣ್ಣೆಯೇ ಬೇಡ. ಒಳಗೆ ಕೆಂಪು ಧೂಳು ಅಂಟಿ ಕೆಸರಾಗುತ್ತೆ. ಗ್ರಾಫೈಟ್ ಪುಡಿ ಊದಿ. ಅದನ್ನು ಕೊಳ್ಳುವ ಮುಂಚೆ ಮಕ್ಕಳ ಪೆನ್ಸಿಲ್ ಕಡ್ಡಿಯನ್ನು ಕೀಲಿಕೈ ಹಲ್ಲಿಗೆ ತಿಕ್ಕಿ, ನಾಲ್ಕು ಸಲ ತಿರುಗಿಸಿ ನೋಡಿ, ಅದೂ ಗ್ರಾಫೈಟೇ. ನಮಗೆ ವ್ಯಾಪಾರ ಹೋದರೂ ಪರವಾಗಿಲ್ಲ.

ಡಬ್ಲ್ಯೂಡಿ-40 ಸ್ಪ್ರೇ ಎಲ್ಲದಕ್ಕೂ ಆಗುತ್ತಾ ಅಂತ ಕೇಳುತ್ತೀರಿ. ಹೆಸರಿನಲ್ಲೇ ಇದೆ, ಡಬ್ಲ್ಯೂಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರನ್ನು ದೂಡುವುದು ಅದರ ಕೆಲಸ, 40ನೇ ಪ್ರಯತ್ನದಲ್ಲಿ ಸರಿಬಂತು ಅಂತ ಆ 40. ತುಕ್ಕು ಹಿಡಿದ ನಟ್ ಬಿಡಿಸಲು ಒಳ್ಳೆಯದು. ಆದರೆ ಭಾರದ ಗೇಟಿನ ಹಿಂಜಿಗೆ ಅದೊಂದನ್ನೇ ಹೊಡೆದು ಸುಮ್ನೆ ಬಿಟ್ಟರೆ ಸ್ವಲ್ಪ ದಿನಕ್ಕೆ ಮತ್ತೆ ಕಿರ್ ಅನ್ನುತ್ತೆ. ಅಲ್ಲಿಗೆ ಗ್ರೀಸ್.

ಡಬ್ಬಿಗೆ ಬಿಡಿ ಎಣ್ಣೆಗಿಂತ ದುಡ್ಡು ಜಾಸ್ತಿ, ನಿಜ. ಅದಕ್ಕೇ ಇರೋದರಲ್ಲಿ ಸಣ್ಣ ಅಳತೆಯದನ್ನೇ ತರಿಸಿದ್ದೇವೆ. ಮನೆಯಲ್ಲಿ ನಮ್ಮ ಡ್ರಮ್‌ನ ಹಳೇ ಬಾಟಲಿ ಇದ್ದರೆ ಗೇಟಿಗೋ ಗುದ್ದಲಿಗೋ ಹಚ್ಚಿ ಖಾಲಿ ಮಾಡಿ, ಹೊಲಿಗೆ ಮಷೀನ್ ಹತ್ತಿರ ಮಾತ್ರ ಒಯ್ಯಬೇಡಿ.