ನೆಲದಡಿಯ ಕೆರೆಯ ಚಿತ್ರ ಇನ್ನು ಸಾಕು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ತೈಲ ಬಾವಿಯ ಚಿತ್ರ ನೋಡಿದೆ. ನೆಲದಡಿಯಲ್ಲಿ ಒಂದು ಕಪ್ಪು ಕೆರೆ, ಅದಕ್ಕೆ ಇಳಿಬಿಟ್ಟ ಕೊಳವೆ. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲಿಗೆ ಹೋಗುವಾಗಲೂ ಇದೇ ಚಿತ್ರ ಇತ್ತು. ದಯವಿಟ್ಟು ಇದನ್ನು ಕೈಬಿಡಿ. ಎಣ್ಣೆ ಇರುವುದು ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ.

ಕೆನಡಾದ ಕ್ಯಾಲ್ಗರಿಯ ಒಂದು ಪ್ರಯೋಗಾಲಯದಲ್ಲಿ 22 ವರ್ಷ ಕಲ್ಲು ತೇಯ್ದವಳು ನಾನು. ಇಲ್ಲಿ ಆಲ್ಬರ್ಟಾ ಪ್ರಾಂತ್ಯದ ಲೆಡ್ಯೂಕ್ ಊರಿನ ಹತ್ತಿರ 1947ರ ಫೆಬ್ರವರಿ 13ರಂದು ಎಣ್ಣೆ ಚಿಮ್ಮಿತು. ಅದಕ್ಕೆ ಮುಂಚೆ ಇಂಪೀರಿಯಲ್ ಆಯಿಲ್ ಕಂಪನಿ 133 ಬಾವಿ ಕೊರೆದು ಬರಿಗೈಲಿ ಕೂತಿತ್ತಂತೆ. ಅದೇ ವರ್ಷ ಎರಡನೇ ಬಾವಿಯಲ್ಲಿ ಇನ್ನೂ ಆಳಕ್ಕೆ ಹೋದಾಗ ಹಳೆಯ ಸಮುದ್ರದ ದಿಬ್ಬವೇ ಸಿಕ್ಕಿತು. ಈಗಿನ ಹವಳದ ದಿಬ್ಬ ಇದೆಯಲ್ಲ, ಹಾಗೆ. ಸುಮಾರು 37 ಕೋಟಿ ವರ್ಷದ ಹಿಂದೆ ಸ್ಪಂಜಿನಂಥ ಜೀವಿಗಳು ಕಟ್ಟಿದ್ದು.

ಆ ಕಲ್ಲಿನ ತೂತು ನೋಡೋದು ಹೇಗೆ? ಚೂರಿನೊಳಗಿನ ಗಾಳಿಯನ್ನು ಪಂಪಿನಿಂದ ಹೀರಿ, ನೀಲಿ ಬಣ್ಣ ಬೆರೆಸಿದ ಎಪಾಕ್ಸಿ ಎಂಬ ಅಂಟು ತುಂಬಿಸುತ್ತೇವೆ. ಗಟ್ಟಿಯಾದ ಮೇಲೆ ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ಆಗುವ ತನಕ ತೇಯುತ್ತೇವೆ. ಅಷ್ಟು ತೆಳುವಾದರೆ ಕಲ್ಲಿನ ಮೂಲಕ ಬೆಳಕು ಹಾಯುತ್ತದೆ. ಮೈಕ್ರೋಸ್ಕೋಪಿನಲ್ಲಿ ತೂತೆಲ್ಲ ತಿಳಿನೀಲಿ. ಮುಂಚೆ ಒಂದೊಂದು ಸ್ಲೈಡಿನಲ್ಲಿ 300 ಬಿಂದು ನೋಡಿ, ತೂತಿನ ಮೇಲೆ ಎಷ್ಟು, ಕಲ್ಲಿನ ಮೇಲೆ ಎಷ್ಟು ಬಿದ್ದವು ಎಂದು ಕಣ್ಣಲ್ಲೇ ಎಣಿಸುತ್ತಿದ್ದೆವು. ಈಗ ಫೋಟೊ ಕೊಟ್ಟರೆ ಕಂಪ್ಯೂಟರ್ ನೀಲಿ ಪಿಕ್ಸೆಲ್ ಎಣಿಸಿ, ಪ್ರತಿ ತೂತಿನ ಗಾತ್ರ, ಅಂಚಿನ ಉದ್ದ ಎಲ್ಲ ಹೇಳುತ್ತದೆ.

ಆಕಾರ ಯಾಕೆ ಮುಖ್ಯ ಅಂದರೆ, ಎರಡು ಕಲ್ಲಿನಲ್ಲಿ ತೂತಿನ ಪ್ರಮಾಣ ಒಂದೇ ಇರಬಹುದು. ಒಂದರಲ್ಲಿ ಚಿಪ್ಪು ಕರಗಿ ಉಳಿದ ಗೂಡುಗಳು, ಬಾಗಿಲಿಲ್ಲದ ಕೋಣೆಗಳ ಹಾಗೆ. ಎಣ್ಣೆ ಒಳಗಿದ್ದರೂ ಹೊರಗೆ ಬರೋದು ಕಷ್ಟ. ಇನ್ನೊಂದರಲ್ಲಿ ಡಾಲೊಮೈಟ್ ಎಂಬ ಖನಿಜದ ಹರಳುಗಳ ನಡುವೆ ಸಂದಿಯಿಂದ ಸಂದಿಗೆ ದಾರಿ. ಇದನ್ನು ಚಪ್ಪಟೆ ಫೋಟೊ ಒಂದರಿಂದಲೇ ಹೇಳಲು ಆಗಲ್ಲ. ಅದೇ ಕಲ್ಲಿನ ತುಂಡಿನಲ್ಲಿ ಅನಿಲ ಎಷ್ಟು ಸುಲಭವಾಗಿ ಹಾಯುತ್ತದೆ ಎಂದು ಅಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

'ಎಲ್ಲ ಕಂಪ್ಯೂಟರೇ ಮಾಡುತ್ತದೆ' ಎಂದು ನಿಮ್ಮ ಲೇಖನ ಹೇಳಿತು. ನನಗೆ ಬೇಜಾರಾಗಿದ್ದು ಅಲ್ಲೇ. ಒಮ್ಮೆ ನಮ್ಮ ಒಂದು ಸ್ಲೈಡಿನಲ್ಲಿ ತೂತಿನ ಪ್ರಮಾಣದ ಲೆಕ್ಕ, ಅದೇ ಕಲ್ಲಿಗೆ ಅನಿಲ ತುಂಬಿಸಿ ಅಳೆದದ್ದಕ್ಕಿಂತ ತುಂಬಾ ಕಡಿಮೆ ಬಂತು. ಎರಡು ದಿನ ಪ್ರೋಗ್ರಾಮನ್ನೇ ತಡಕಿದರು. ನಾನು ಸ್ಲೈಡ್ ಎತ್ತಿ ನೋಡಿದೆ. ದೊಡ್ಡ ತೂತುಗಳ ನಡುವೆ ಗುಂಡನೆಯ ಬಿಳಿ ಚುಕ್ಕೆಗಳು, ಸುತ್ತ ಕಪ್ಪು ಅಂಚು. ಗಾಳಿಗುಳ್ಳೆ! ಪಂಪು ಸರಿಯಾಗಿ ಹೀರಿರಲಿಲ್ಲ. ನೀಲಿ ಇಲ್ಲದ್ದನ್ನೆಲ್ಲ ಕಂಪ್ಯೂಟರ್ ಕಲ್ಲು ಅಂದುಕೊಂಡಿತ್ತು. ಭೂವಿಜ್ಞಾನ ಓದುವ ನಮ್ಮ ಮಕ್ಕಳು ಪ್ರೋಗ್ರಾಂ ಜೊತೆಗೆ ಕಲ್ಲು ತೇಯುವುದನ್ನೂ ಕಲಿಯಲಿ ಅನ್ನೋದು ಇದಕ್ಕೇ.

ಮುಂದಿನ ಸಲ ಕೆರೆಯ ಬದಲು ಅಂಥ ಒಂದು ನೀಲಿ ಫೋಟೊ ಹಾಕಿ. ಮೂಲೆಯಲ್ಲಿ ಅಳತೆಯ ಗೆರೆ ಮಾತ್ರ ಮರೀಬೇಡಿ. ಅದಿಲ್ಲದಿದ್ದರೆ ಮಕ್ಕಳು ಅದನ್ನೂ ಕೆರೆ ಅಂದುಕೊಂಡಾರು.

– ನಿವೃತ್ತ ಪ್ರಯೋಗಾಲಯ ಸಹಾಯಕಿ, ಕ್ಯಾಲ್ಗರಿ, ಕೆನಡಾ