ಪಾಪನಿವೇದನೆ ಮತ್ತು ಬೇಲಿಯಾಚೆಯ ಲೆಕ್ಕ

ಮಾನ್ಯ ಸಂಪಾದಕರೇ,

ವಾರವಿಡೀ ಮನಸ್ಸಿಗೆ ಬಂದಂತೆ ನಡೆದು, ಭಾನುವಾರ ಗುರುಗಳ ಕಿವಿಯಲ್ಲಿ ನಾಲ್ಕು ಮಾತು ಹೇಳಿಬಿಟ್ಟರೆ ಕ್ರೈಸ್ತರಿಗೆ ಎಲ್ಲ ಪಾಪವೂ ಚುಕ್ತಾ ಆಗುತ್ತದೆ ಎಂಬ ಅರ್ಥದ ಪತ್ರವೊಂದು ಕಳೆದ ವಾರ ತಮ್ಮ ಓದುಗರ ಅಂಕಣದಲ್ಲಿ ಪ್ರಕಟವಾಗಿತ್ತು. ಬರೆದವರಲ್ಲಿ ಕುಹಕ ಕಾಣಲಿಲ್ಲ. ಮಾಡಿದ್ದನ್ನು ಉಣ್ಣದೆ ತೀರದು ಎಂದು ನಂಬಿ ಬಂದ ನಾಡಿನಲ್ಲಿ ಇಂಥ ಸಂದೇಹ ಹುಟ್ಟುವುದು ಸಹಜವೇ. ಆದರೂ ತೀರ್ಥಹಳ್ಳಿ ಸೀಮೆಯ ಕಥೋಲಿಕ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿ ಬೆಳೆದವಳಾಗಿ, ಆ ಪತ್ರದಲ್ಲಿ ಬಿಟ್ಟುಹೋದ ಒಂದು ಸಂಗತಿಯನ್ನು ಹೇಳಬೇಕೆನಿಸಿದೆ.

ಗುರುಗಳ ಮುಂದೆ ಪಾಪವನ್ನು ಒಪ್ಪಿಕೊಳ್ಳುವ ಈ ಪಾಪನಿವೇದನೆ ಎಂದರೆ ಬರಿಯ ಹೇಳಿಕೆಯಲ್ಲ. ಪಶ್ಚಾತ್ತಾಪ, ನಿವೇದನೆ, ಪರಿಹಾರ ಈ ಮೂರೂ ಸೇರಿದರೆ ಮಾತ್ರ ಅದು ಪೂರ್ಣವಾಗುತ್ತದೆ ಎಂದು ಧರ್ಮಸಭೆ (ಚರ್ಚು) ಬೋಧಿಸುತ್ತದೆ. ಕದ್ದದ್ದನ್ನು ಹಿಂದಿರುಗಿಸುವುದು, ಕೆಡಿಸಿದ ಹೆಸರನ್ನು ಸಾಧ್ಯವಿದ್ದಷ್ಟು ಸರಿಪಡಿಸುವುದು ಪಾಪಿಯ ಮೇಲಿನ ಹೊಣೆಯಾಗಿಯೇ ಉಳಿಯುತ್ತದೆ. ಬೈಬಲಿನ ಲೂಕನ ಶುಭಸಂದೇಶದಲ್ಲಿ ಬರುವ ಸುಂಕವಸೂಲಿಯ ಜಕ್ಕಾಯನ ಮನೆಗೆ ಯೇಸು ತಾವಾಗಿಯೇ ಅತಿಥಿಯಾಗಿ ಹೋದರು. ಮೊದಲು ಲೆಕ್ಕ ಒಪ್ಪಿಸು, ಆಮೇಲೆ ಊಟಕ್ಕೆ ಬರುತ್ತೇನೆ ಎನ್ನಲಿಲ್ಲ. ಆದರೆ ಆ ಕರುಣೆ ಮನೆಯೊಳಗೆ ಕಾಲಿಟ್ಟ ಮೇಲೆ ಜಕ್ಕಾಯನೇ ಎದ್ದು ನಿಂತು, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳಿದ. ಕ್ಷಮೆ ಮೊದಲು ಬಂತು, ಲೆಕ್ಕ ಅದರ ಬೆನ್ನಿಗೇ ಬಂತು.

ಇದಕ್ಕಿಂತ ಕಠಿಣವಾದದ್ದು ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ತಪ್ಪು ಮಾಡಿದ ಸಹೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಶಿಷ್ಯ ಪೇತ್ರನು ಕೇಳಿದ್ದಕ್ಕೆ, ಏಳಲ್ಲ, ಏಳೆಪ್ಪತ್ತು ಸಲ ಎಂದು ಯೇಸು ಉತ್ತರಿಸಿ ಒಂದು ಕತೆ ಹೇಳುತ್ತಾರೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಸೇವಕನೊಬ್ಬ ಕಾಲಿಗೆ ಬಿದ್ದು ಬೇಡಿದಾಗ ಅರಸನು ಆ ಸಾಲವನ್ನೆಲ್ಲ ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆ ಸೇವಕ ತನಗೆ ನೂರು ಬೆಳ್ಳಿನಾಣ್ಯ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಸುಕಿ ಅವನನ್ನು ಸೆರೆಗೆ ಹಾಕಿಸುತ್ತಾನೆ. ಸುದ್ದಿ ತಿಳಿದ ಅರಸನು ಮೊದಲಿನವನನ್ನು ದಂಡನೆಗೆ ಒಪ್ಪಿಸುತ್ತಾನೆ. ಆ ಕಾಲದಲ್ಲಿ ಒಂದು ಬೆಳ್ಳಿನಾಣ್ಯ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ನಾಣ್ಯ. ಹಾಗೆ ಲೆಕ್ಕ ಹಾಕಿದರೆ ಮನ್ನಾ ಆದದ್ದು 6 ಕೋಟಿ ದಿನಗಳ ಕೂಲಿ. ಯಾವ ಸೇವಕನೂ ಏಳು ಜನ್ಮದಲ್ಲಿ ತೀರಿಸಲಾಗದ ಮೊತ್ತ. ಪ್ರವಚನಗಳಲ್ಲಿ ಇಷ್ಟನ್ನು ಹೇಳಿ, ಜೊತೆಗಾರನ ಸಾಲ ಪುಡಿಗಾಸು ಎಂದು ಮುಂದೆ ಹೋಗುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ನೂರು ದಿನದ ಕೂಲಿ ಪುಡಿಗಾಸಲ್ಲ. ನಮ್ಮಲ್ಲಿ ಅಡಿಕೆ ಗೊನೆ ಕೊಯ್ಯುವುದಕ್ಕೂ ಸುಲಿಯುವುದಕ್ಕೂ ಬರುವವರನ್ನು ಕೇಳಿ ನೋಡಿ, ಅದು ಹೆಚ್ಚುಕಡಿಮೆ ಒಂದು ಸುಗ್ಗಿಯ ಇಡೀ ದುಡಿಮೆ. ನಿನಗಾದ ನೋವು ಲೆಕ್ಕಕ್ಕಿಲ್ಲದ್ದು, ಮರೆತುಬಿಡು ಎಂದು ಯೇಸು ಹೇಳುತ್ತಿಲ್ಲ. ನೋವಿನ ಬೆಲೆಯನ್ನು ನಾಣ್ಯ ಎಣಿಸಿ ಹೇಳಿಯೇ, ಅದನ್ನೂ ಬಿಡು ಎನ್ನುತ್ತಾರೆ.

ಪತ್ರ ಬರೆದವರ ಇನ್ನೊಂದು ಆಕ್ಷೇಪ, ಕ್ಷಮೆಯಿಂದ ನ್ಯಾಯ ಸಡಿಲಾಗುತ್ತದೆ ಎಂಬುದು. 1981ರ ಮೇ 13ರಂದು ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಮೆಹಮತ್ ಅಲಿ ಆಜಾ ಹಾರಿಸಿದ ಗುಂಡು ತಗುಲಿದ ಪೋಪ್ ಎರಡನೆಯ ಜಾನ್ ಪಾಲರು ನಾಲ್ಕೇ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಆತನನ್ನು ಕ್ಷಮಿಸಿದ್ದಾಗಿ ತಿಳಿಸಿದರು, 1983ರ ಡಿಸೆಂಬರಿನಲ್ಲಿ ಸೆರೆಮನೆಗೇ ಹೋಗಿ ಪಕ್ಕದಲ್ಲಿ ಕುಳಿತು ಮಾತಾಡಿದರು. ಆದರೂ ಆತ 2000ನೆಯ ಇಸವಿಯವರೆಗೆ ಇಟಲಿಯ ಸೆರೆಯಲ್ಲೇ ಇದ್ದ. ನಮ್ಮ ದೇಶದ್ದೇ ಬೇಕೆಂದರೆ, ಮಧ್ಯಪ್ರದೇಶದ ಬಡ ರೈತರು ಲೇವಾದೇವಿಯವರ ಹಿಡಿತದಿಂದ ಬಿಡಿಸಿಕೊಳ್ಳಲು ನೆರವಾಗುತ್ತಿದ್ದ ಕೇರಳದ ಸನ್ಯಾಸಿನಿ ರಾಣಿ ಮರಿಯಾ ಅವರನ್ನು 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಇರಿದು ಕೊಲ್ಲಲಾಯಿತು. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು. ರಾಣಿ ಮರಿಯಾ ಅವರ ತಂಗಿ, ತಾವೂ ಸನ್ಯಾಸಿನಿ, ಆ ಸೆರೆಮನೆಗೆ ಹೋಗಿ ಆತನ ಕೈಗೆ ರಾಖಿ ಕಟ್ಟಿದರು. ರಾಖಿ ಕ್ರೈಸ್ತರ ಹಬ್ಬದ ವಸ್ತುವಲ್ಲ. ಆದರೆ ಕ್ಷಮೆಯ ಆ ಮಾತು ಆತನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕಿತ್ತಲ್ಲವೇ?

ಪೋಲೆಂಡಿನ ಸನ್ಯಾಸಿನಿ ಸಂತ ಫೌಸ್ತಿನಾ (1905–1938) ಕಂಡ ದರ್ಶನದಂತೆ ಬರೆಸಿದ, ಯೇಸುವಿನ ಎದೆಯಿಂದ ಕೆಂಪು ಮತ್ತು ಬಿಳುಪು ಕಿರಣಗಳು ಹೊಮ್ಮುವ ಚಿತ್ರ ಇಂದು ಮಲೆನಾಡಿನ ಕಥೋಲಿಕರ ಮನೆಗಳಲ್ಲೂ ಕಾಣಸಿಗುತ್ತದೆ. 2000ದಲ್ಲಿ ಅವರಿಗೆ ಸಂತ ಪದವಿ ನೀಡುವಾಗ, ಈಸ್ಟರಿನ ಮುಂದಿನ ಭಾನುವಾರವನ್ನು ದೈವಕರುಣೆಯ ಭಾನುವಾರವೆಂದು ಪೋಪರು ಸಾರಿದರು. ಆ ಕರುಣೆಯನ್ನು ಬೇಡಿ ಮಧ್ಯಾಹ್ನ ಮೂರು ಗಂಟೆಗೆ ಜಪಸರ ಹಿಡಿಯುವವರು ನಮ್ಮಲ್ಲಿದ್ದಾರೆ. ಅದೇ ದಿನ ಸಂಜೆ ದಾಯಾದಿಯನ್ನು ಕಂಡು ಮುಖ ತಿರುಗಿಸುವವರೂ ಅವರ ನಡುವೆಯೇ ಇದ್ದಾರೆಂಬುದನ್ನು ಮರೆಮಾಚಲಾರೆ. ಆ ಪತ್ರ ನಮ್ಮ ನಂಬಿಕೆಯ ಬಗ್ಗೆ ತಪ್ಪಿದ್ದರೂ ನಮ್ಮ ನಡತೆಯ ಬಗ್ಗೆ ಪೂರ್ತಿ ತಪ್ಪಿಲ್ಲ.

ನಮ್ಮ ಮನೆಯದೇ ಒಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ನಮ್ಮ ತಂದೆಯವರು ಪಕ್ಕದ ತೋಟದ ಗೌಡರ ಕಡೆಗೆ ಗಡಿಯ ಅಗಳನ್ನು (ಕಂದಕವನ್ನು) ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಸರಿಸಿ, ಫಲ ಬರುವ ಏಳು ಅಡಿಕೆ ಮರಗಳನ್ನು ಒಳಗೆ ಹಾಕಿಕೊಂಡಿದ್ದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶನಿವಾರ ಪಾಪನಿವೇದನೆಗೆ ಹೋದವರು ಮುಖ ಕಂದಿಸಿಕೊಂಡು ಬಂದರು. ಗುರುಗಳು ಪಾಪನಿವೇದನೆಯ ಗುಟ್ಟನ್ನು ಯಾರಿಗೂ ಹೇಳುವಂತಿಲ್ಲ. ತಂದೆಯವರೇ ಅಮ್ಮನಿಗೆ ಹೇಳಿಕೊಂಡರು, ಮೊದಲು ಅಗಳು ಹಿಂದಕ್ಕೆ ಹೋಗಲಿ ಅಂದರು ಗುರುಗಳು ಎಂದು. ಮಳೆ ಹಿಡಿಯುವ ಮೊದಲು ಇಬ್ಬರು ಆಳುಗಳನ್ನು ಕರೆದುಕೊಂಡು ತಾವೂ ಗುದ್ದಲಿ ಹಿಡಿದು ಅಗಳನ್ನು ಹಳೆಯ ಜಾಗಕ್ಕೇ ತೋಡಿಸಿದರು, ಎರಡು ವರ್ಷದ ಫಸಲಿನ ಹಣವನ್ನೂ ಗೌಡರ ಜಗುಲಿಯ ಮೇಲೆ ಇಟ್ಟು ಬಂದರು. ಗೌಡರು ಹಣ ಎಣಿಸಿಕೊಂಡರು. ಕೂತ್ಕೊಳ್ಳಿ ಎಂದೂ ಹೇಳಲಿಲ್ಲ. ಅದು ಅವರ ಹಕ್ಕು; ಕ್ಷಮೆ ಬೇಡುವವನು ಅದು ಸಿಗುವ ದಿನ ಗೊತ್ತುಮಾಡಲಾಗದು. ಮಾರನೆಯ ವರ್ಷದ ಸುಗ್ಗಿಯಲ್ಲಿ ತಮ್ಮ ಹಂಡೆ ತೂತುಬಿದ್ದಿದೆ, ಅಡಿಕೆ ಬೇಯಿಸುವುದಕ್ಕೆ ನಿಮ್ಮದನ್ನು ಕೊಡಬಹುದೇ ಎಂದು ಅವರ ಮನೆಯ ಹುಡುಗ ಬಂದು ಕೇಳಿದ. ಕೊಟ್ಟೆವು. ಹಂಡೆ ಹಿಂದೆ ಬಂದಾಗ ತಳಕ್ಕೆ ಹತ್ತಿದ್ದ ಅಡಿಕೆಯ ಚೊಗರನ್ನೆಲ್ಲ (ಬೇಯಿಸಿದ ರಸದ ಕರೆಯನ್ನೆಲ್ಲ) ತಿಕ್ಕಿ ತೊಳೆದಿದ್ದರು.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ